ಪದಚರ್ಚೆ: ಗೋಥಮ್, ಗೊಥಾಮ್, ಗಾಥಮ್ – ಬ್ಯಾಟ್‌ಮ್ಯಾನ್ ಊರಿನ ಹೆಸರು ಯಾವುದು ಸರಿ?

ಪ್ರಶ್ನೆ:
ಸೂಪರ್‌ಹೀರೊ ಕಾಮಿಕ್ಸುಗಳಲ್ಲೂ ಅವುಗಳಿಂದ ಬಂದ ಸಿನಿಮಾಗಳಲ್ಲೂ ಇರುವ ಕಲ್ಪಿತ ಊರುಗಳ ಹೆಸರನ್ನು ಕನ್ನಡದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಬ್ಯಾಟ್‌ಮ್ಯಾನ್ ಊರಿಗೇ ಮೂರು ರೂಪ ಇವೆ. ಸಬ್‌ಟೈಟಲಿಗೆ ಯಾವುದನ್ನು ಹಿಡಿಯಬೇಕು? ವಿಭಕ್ತಿ ಪ್ರತ್ಯಯ ಹೇಗೆ ಸೇರಿಸಬೇಕು? ಸ್ಮಾಲ್‌ವಿಲ್, ಮೆಟ್ರೊಪೊಲಿಸ್ ಅರ್ಥವಿರುವ ಹೆಸರುಗಳು, ಅವನ್ನು ಕನ್ನಡಿಸಬಹುದೇ? ಬಲ್ಲವರು ತಿಳಿಸಿ.

ಉತ್ತರ 1:
'ಗಾಥಮ್' ಸರಿ. ಗೊಂದಲ ಹುಟ್ಟಿದ್ದು ಇಂಗ್ಲಿಷಿನಲ್ಲೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಇದೇ ಹೆಸರಿನ ಹಳ್ಳಿಯೊಂದಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ 'ಆಡುಗಳ ನೆಲೆ' ಎಂಬ ಅರ್ಥ. ಅಲ್ಲಿನವರು ಈಗಲೂ 'ಗೋಟಮ್' ಎನ್ನುತ್ತಾರೆ. Gotham ಎಂಬ ಸ್ಪೆಲಿಂಗಿನಲ್ಲಿರುವ ಟಿ ಮತ್ತು ಎಚ್ ಬೇರೆ ಬೇರೆ ಪದದವು. ಆ ಹಳ್ಳಿಯವರು ಪೆದ್ದರು ಎಂಬ ಕಥೆಗಳಿದ್ದವು, ಅದನ್ನೇ ನೆನೆದು ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1807ರಲ್ಲಿ ನ್ಯೂಯಾರ್ಕಿಗೆ ಈ ಅಡ್ಡಹೆಸರಿಟ್ಟ. ಅಮೆರಿಕದವರ ಬಾಯಲ್ಲಿ ಟಿ, ಎಚ್ ಬೆಸೆದು 'ಥ' ಆಯಿತು. ಬ್ಯಾಟ್‌ಮ್ಯಾನ್ ಕಥೆಗಾರ ಬಿಲ್ ಫಿಂಗರ್ ಟೆಲಿಫೋನ್ ಡೈರೆಕ್ಟರಿಯಲ್ಲಿ 'ಗಾಥಮ್ ಜುವೆಲರ್ಸ್' ಎಂಬ ಅಂಗಡಿಯ ಹೆಸರು ಕಂಡು ಅದನ್ನೇ ಎತ್ತಿಕೊಂಡ. ಹಾಗಾಗಿ ನಮಗೆ ಬೇಕಾದದ್ದು ಅಮೆರಿಕದ ಉಚ್ಚಾರ.

ಇನ್ನು ಮೊದಲಕ್ಷರ. ಇಂಗ್ಲಿಷಿನ ಈ ಸ್ವರವನ್ನು ಕನ್ನಡ ಬಹಳ ಹಿಂದೆಯೇ 'ಆ' ಮಾಡಿಕೊಂಡಿದೆ: ಡಾಕ್ಟರು, ಕಾಲೇಜು, ಆಫೀಸು. 'ಡೊಕ್ಟರು' ಅಂತ ಯಾರೂ ಬರೆಯುವುದಿಲ್ಲ, 'ಗೊಥಾಮ್' ಕೂಡ ಬೇಡ. ಅದು ಕಿವಿಯಿಂದ ಬಂದದ್ದಲ್ಲ, ಸ್ಪೆಲಿಂಗ್ ನೋಡಿ ಬರೆದದ್ದು.

ವಿಭಕ್ತಿಯಲ್ಲೇ ಹೆಚ್ಚು ಎಡವುವುದು. 'ಗಾಥಂಗೆ' ಎಂದು ಸೊನ್ನೆ ಹಾಕಿದರೆ, ಸೊನ್ನೆ ಮುಂದಿನ ಅಕ್ಷರದ ವರ್ಗಕ್ಕೆ ಜಾರುತ್ತದೆ; 'ತಂಗಿ'ಯ ಸೊನ್ನೆಯ ಸದ್ದು ಬಂದು ಮಕಾರ ಅಳಿಸಿಹೋಗುತ್ತದೆ. 'ಗಾಥಂನಲ್ಲಿ' ಎಂಬುದನ್ನು ಓದಿದರೆ 'ಗಾಥನ್ನಲ್ಲಿ' ಆಗುತ್ತದೆ. 'ಗಾಥಮ್' ಬರೆದು ನೇರವಾಗಿ 'ಗೆ' ಒತ್ತಿದರೆ 'ಗಾಥಮ್ಗೆ' ಎಂದು ಒತ್ತಕ್ಷರ ಬೀಳುತ್ತದೆ. ನಡುವೆ ಕಣ್ಣಿಗೆ ಕಾಣದ ಬಿಡಿಸುವ ಅಕ್ಷರ ಹಾಕಿ 'ಗಾಥಮ್‌ಗೆ' ಮಾಡಬಹುದು. ಆದರೆ ಅದಿಲ್ಲದೆ ಹುಡುಕಿದವರಿಗೆ ಆ ಪದ ಸಿಗದೆ ಹೋಗಬಹುದು. ಕನ್ನಡದ ಜಾಯಮಾನಕ್ಕೆ ಒಪ್ಪುವುದು ಲಂಡನ್ನಿಗೆ, ಲಂಡನ್ನಿನಲ್ಲಿ ಎಂಬ ದಾರಿ. ಹಾಗೆಯೇ ಗಾಥಮ್ಮಿಗೆ, ಗಾಥಮ್ಮಿನಲ್ಲಿ. ಸಬ್‌ಟೈಟಲಿನಲ್ಲಿ ಜಾಗ ಇದ್ದರೆ 'ಗಾಥಮ್ ನಗರಕ್ಕೆ' ಎನ್ನಿ, ಪ್ರತ್ಯಯದ ಭಾರವನ್ನು ನಗರವೇ ಹೊರುತ್ತದೆ. ನಡುವೆ ಜಾಗ ಬಿಡಿ. ಕೂಡಿಸಿ ಬರೆದರೆ ಜಯನಗರ, ರಾಜಾಜಿನಗರದ ಸಾಲಿಗೆ ಸೇರಿದಂತೆ ಕಾಣುತ್ತದೆ. ಡಬ್ಬಿಂಗಿಗೆ ಮಾತ್ರ ಇದು ಉದ್ದವಾಯಿತು: ಗಾಥಮ್ಮಿಗೆ ನಾಲ್ಕು ಅಕ್ಷರ, ಗಾಥಮ್ ನಗರಕ್ಕೆ ಆರು. ತೆರೆಯ ಮೇಲಿನ ತುಟಿ ಅಷ್ಟರಲ್ಲಿ ಮುಚ್ಚಿರುತ್ತದೆ.

ಸೂಪರ್‌ಮ್ಯಾನ್ ಊರಿಗೆ 1939ರಲ್ಲಿ ಹೆಸರು ಬಂತು. 'ಮೆಟ್ರೊಪೊಲಿಸ್' ಎಂದು ಬರೆದರೆ ಓಡುವ ಕಣ್ಣಿಗೆ 'ಮೆಟ್ರೊ ಪೊಲೀಸ್' ಅಂತಲೇ ಕಾಣುತ್ತದೆ. ಉಚ್ಚಾರಕ್ಕೆ ಹತ್ತಿರವಾದ 'ಮೆಟ್ರಾಪಲಿಸ್' ಬರೆದರೆ ಆ ತೊಡಕಿಲ್ಲ. 'ಮಹಾನಗರ' ಎಂದು ಕನ್ನಡಿಸಿದರೆ ಅದು ಅಂಕಿತನಾಮವಾಗಿ ಉಳಿಯದು, ಪಾಲಿಕೆ ನೆನಪಾಗುತ್ತದೆ.

ಉತ್ತರ 2:
ಮೇಲಿನವರ ಮಾತು ಒಪ್ಪುತ್ತೇನೆ. ಸೂಪರ್‌ಮ್ಯಾನ್ ಬೆಳೆದ ಊರು ಸ್ಮಾಲ್‌ವಿಲ್ ಬಗ್ಗೆ ಒಂದು ಮಾತು. ಊರಾಗಿ ಬಂದಾಗ ಹಾಗೇ ಇರಲಿ. ಅಮೆರಿಕದ ಕಾನ್ಸಸ್ಸಿನಲ್ಲಿ 'ಚಿಕ್ಕೂರು' ಹೊಂದುವುದಿಲ್ಲ. ಆದರೆ ಅವನ ಪ್ರೇಯಸಿ ಲೋಯಿಸ್ ಕೆಲವೊಮ್ಮೆ ಸಾಮಾನ್ಯ ಮನುಷ್ಯನ ವೇಷದಲ್ಲಿರುವ ಸೂಪರ್‌ಮ್ಯಾನನನ್ನೇ, ಅಂದರೆ ಕ್ಲಾರ್ಕನನ್ನೇ ಆ ಹೆಸರಿನಿಂದ ರೇಗಿಸುತ್ತಾಳೆ. ಅಲ್ಲಿ ಊರು ಮುಖ್ಯವಲ್ಲ, ಸಲುಗೆ ಮುಖ್ಯ. 'ಏನಪ್ಪಾ ಹಳ್ಳಿ ಹೈದ' ಅಂದರೆ ಮಾತು ನೇರ ತಲುಪುತ್ತದೆ.

1966ರಲ್ಲಿ ಕಾಮಿಕ್ಸಿಗೆ ಬಂದ, ಬ್ಲ್ಯಾಕ್ ಪ್ಯಾಂಥರನ ನಾಡು ವಕಾಂಡಕ್ಕೆ ಕೊನೆಯ ದೀರ್ಘ ಬೇಡ: ವಕಾಂಡದಲ್ಲಿ, ವಕಾಂಡದವರು. 'ವಕಾಂಡನ್ ಸೈನಿಕರು' ಎಂಬುದು ಇಂಗ್ಲಿಷ್ ಬಾಲ; ನಮಗೆ 'ವಕಾಂಡದ ಸೈನಿಕರು' ಸಾಕು.

ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಜೋಕರನಂಥ ಖಳರನ್ನು ಕೂಡಿಹಾಕುವ 'ಆರ್ಕಮ್ ಅಸೈಲಮ್' ಅನ್ನು 'ಆಶ್ರಯ' ಮಾಡುವುದು ದೊಡ್ಡ ತಪ್ಪು. ಅದು ನಿರಾಶ್ರಿತರಿಗೆ ಕೊಡುವ ಆಶ್ರಯ. 1974ರಲ್ಲಿ ಕಾಮಿಕ್ಸಿನಲ್ಲಿ ಮೊದಲು ಬಂದಾಗ ಅದರ ಹೆಸರು ಆರ್ಕಮ್ ಆಸ್ಪತ್ರೆ ಎಂದೇ ಇತ್ತು. ಫಲಕಕ್ಕೆ 'ಆರ್ಕಮ್ ಮನೋರೋಗಿಗಳ ಆಸ್ಪತ್ರೆ' ಹಾಕಿ. 'ಹುಚ್ಚಾಸ್ಪತ್ರೆ' ಜೋಕರನ ಬಾಯಿಗೆ ಸರಿ, ವೈದ್ಯರ ಬಾಯಿಗೆ ಬೇಡ.

ಕೊನೆಗೆ, 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರದ ಊರು. ಮುಂಬೈ ಮತ್ತು ಮ್ಯಾನ್‌ಹ್ಯಾಟನ್ ಬೆಸೆದ ಹೆಸರದು. ಇಂಗ್ಲಿಷ್ ಉಚ್ಚಾರ ಹಿಡಿದು 'ಮಂಬ್ಯಾಟನ್' ಬರೆದರೆ ಮುಂಬೈಯೇ ಕಳೆದುಹೋಗುತ್ತದೆ. ಇದೊಂದರಲ್ಲಿ ಉಚ್ಚಾರ ಬಿಟ್ಟು 'ಮುಂಬ್ಯಾಟನ್' ಎಂದೇ ಬರೆಯಿರಿ.