ಅಪ್ಪನ ಪದ್ಮಿನಿಗೆ ಕರೆಂಟಿನ ಮೋಟಾರು: ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಸರ್. ನಮ್ಮ ತಂದೆಯವರು 1996ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಈಗ ನನ್ನ ಹೆಸರಿನಲ್ಲಿದೆ. ಬಾಡಿ ಗಟ್ಟಿಯಾಗಿದೆ, ಆದರೆ ಇಂಜಿನ್ ನೀಲಿ ಹೊಗೆ ಬಿಡುತ್ತದೆ, ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲಂತೂ ಪೆಟ್ರೋಲ್ ಪೈಪು ಮತ್ತು ಕಾರ್ಬ್ಯುರೇಟರ್‌ಗಳ ಕಾಟ ತಪ್ಪಿಲ್ಲ. ಇಂಜಿನ್ ತೆಗೆಸಿ ವಿದ್ಯುತ್ ಮೋಟಾರ್ ಹಾಕಿಸಬೇಕೆಂದಿದ್ದೇನೆ. ಊರೊಳಗೆ ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುತ್ತೇನೆ, ತಿಂಗಳಿಗೊಮ್ಮೆ ಮಡಿಕೇರಿಯಲ್ಲಿರುವ ಅಕ್ಕನ ಮನೆಗೆ ಹೋಗಿಬರುತ್ತೇನೆ. ಇದು ಆಗುವ ಕೆಲಸವೇ?

ಉತ್ತರ: ಆಗುವ ಕೆಲಸವೇ, ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಕಾಗದಪತ್ರ ಹಿಡಿಯಬೇಕು. ನನ್ನ ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಮೋಟಾರು, ಬ್ಯಾಟರಿ ಎಲ್ಲವನ್ನೂ ಕೊಂಡು ತಂದು, ಆಮೇಲೆ ಆರ್‌ಸಿಯ ವಿಷಯ ಕೇಳುತ್ತಾರೆ. ಅದು ಜಾತಕ ನೋಡದೆ ಛತ್ರಕ್ಕೆ ಮುಂಗಡ ಕೊಟ್ಟ ಹಾಗೆ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ, 1990ರ ಜನವರಿ 1ರಂದು ಅಥವಾ ಅದರ ನಂತರ ತಯಾರಾದ ಮತ್ತು ಹಿಂದೆ ಬೇರೆ ಯಾವ ಕಿಟ್ಟನ್ನೂ (ಇಂಧನ ಬದಲಾಯಿಸುವ ಸಾಮಾನಿನ ಸೆಟ್) ಅಳವಡಿಸಿರದ ವಾಹನವನ್ನು ಪೂರ್ಣ ವಿದ್ಯುತ್ತಿಗೆ ಬದಲಾಯಿಸಲು ಅವಕಾಶವಿದೆ. ನಿಮ್ಮದು 1996ರ ಕಾರಾದ್ದರಿಂದ ಮೊದಲ ಬಾಗಿಲು ದಾಟಿದಿರಿ. ಎರಡನೆಯ ಬಾಗಿಲು ಕಿರಿದು. ಅಳವಡಿಸುವ ಕಿಟ್ಟು ಎಐಎಸ್-123 ಎಂಬ ವಾಹನ ಮಾನದಂಡದ ಮೂರನೆಯ ಭಾಗಕ್ಕೆ ಅನುಗುಣವಾಗಿ, ಪುಣೆಯ ಎಆರ್‌ಎಐ ಅಥವಾ ಮಾನೇಸರಿನ ಐಕ್ಯಾಟ್‌ನಂತಹ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದಿರಬೇಕು. ಆ ಅನುಮೋದನೆ ಎಲ್ಲ ಕಾರುಗಳಿಗೂ ಸಲ್ಲುವಂಥದ್ದಲ್ಲ. ಆದ್ದರಿಂದ ಮಾರುವವರ ಮಾತಿಗೆ ತಲೆದೂಗುವ ಮುನ್ನ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ನಿಮ್ಮ ಕಾರಿನ ಮಾಡೆಲ್ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ನೀವೇ ಓದಿ ನೋಡಿ, ಅದೇ ಪ್ರತಿಯನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಮುಂಚಿತವಾಗಿ ವಿಚಾರಿಸಿಕೊಳ್ಳಿ. "ಮೊದಲು ಹಾಕಿಸಿಬಿಡಿ ಸಾರ್, ಆಮೇಲೆ ನೋಡಿಕೊಳ್ಳೋಣ" ಎನ್ನುವವರ ಅಂಗಡಿಯಿಂದ ಎದ್ದು ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಒಂದು ಇಂಧನ, ಬಾನೆಟ್ಟಿನ ಕೆಳಗೆ ಇನ್ನೊಂದು ಇದ್ದರೆ ಅದು ಅಕ್ರಮ ಬದಲಾವಣೆಯೇ ಆಗುತ್ತದೆ, ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಅದನ್ನೇ.

ಇನ್ನೊಂದು ಮಾತು. ನಿಮ್ಮ ಕಾರಿನ ಮೊದಲ ಹದಿನೈದು ವರ್ಷದ ನೋಂದಣಿ 2011ಕ್ಕೇ ಮುಗಿದಿದೆ. ಅದಾದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕಾದ ನವೀಕರಣ ಚಾಲ್ತಿಯಲ್ಲಿದೆಯೇ ನೋಡಿ. ಅದು ಕಳಚಿಹೋಗಿದ್ದರೆ ಮೊದಲು ಅದನ್ನು ಸರಿಪಡಿಸಿ.

ಪ್ರಶ್ನೆ (ಅದೇ ಸದಸ್ಯರು): ಕಾಗದಪತ್ರದ ವಿಷಯ ತಿಳಿಯಿತು. ಒಂದು ಚಾರ್ಜಿನಲ್ಲಿ ಮಡಿಕೇರಿ ತಲುಪಬಹುದೇ?

ಉತ್ತರ: ಲೆಕ್ಕ ಹಾಕೋಣ. ಪದ್ಮಿನಿಗೆ ಹೊಂದುವ ಒಂದು ಸಾಮಾನ್ಯ ಜೋಡಣೆಯೆಂದರೆ 3.2 ವೋಲ್ಟಿನ, 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಮೂವತ್ತು. ಒಟ್ಟು 96 ವೋಲ್ಟ್, 19.2 ಯೂನಿಟ್ (ಒಂದು ಯೂನಿಟ್ ಎಂದರೆ ಸಾವಿರ ವಾಟ್-ಅವರ್). ಸೆಲ್ಲುಗಳು ಬಹುಕಾಲ ಬಾಳಬೇಕೆಂದರೆ ಅದರಲ್ಲಿ ಹದಿನಾರು ಯೂನಿಟ್‌ಗಿಂತ ಹೆಚ್ಚು ಬಳಸಬಾರದು. ಗಂಟೆಗೆ ಐವತ್ತು-ಅರವತ್ತರ ವೇಗದಲ್ಲಿ ಈ ಕಾರಿಗೆ ಕಿಲೋಮೀಟರಿಗೆ ಸುಮಾರು 120 ವಾಟ್-ಅವರ್ ಬೇಕು, ಅಂದರೆ 120 ಕಿಲೋಮೀಟರಿಗೆ 14.4 ಯೂನಿಟ್. ಇದರ ಮೇಲೆ ಏರು. ಮೈಸೂರಿಗಿಂತ ಮಡಿಕೇರಿ ಹೆಚ್ಚುಕಡಿಮೆ ನಾನೂರು ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರನ್ನು ಅಷ್ಟೆತ್ತರಕ್ಕೆ ಏರಿಸಲು 1.3 ಯೂನಿಟ್ ಬೇಕು, ಮೋಟಾರಿನಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಒಂದೂವರೆ. ಒಟ್ಟು ಸುಮಾರು ಹದಿನಾರು. ಕಾಗದದ ಮೇಲೆ ತಲುಪುತ್ತೀರಿ. ಎದುರುಗಾಳಿ ಬೀಸಿದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಇಲ್ಲವೇ ಹಿಂದೆ ಬಂದ ಬಸ್ಸು ಹಾರ್ನ್ ಹೊಡೆಯಿತೆಂದು ನೀವು ಎಂಬತ್ತರಲ್ಲಿ ಓಡಿಸಿದರೆ, ಕಡೆಯ ತಿರುವುಗಳಲ್ಲಿ ನಿಲ್ಲುತ್ತೀರಿ.

ಹಾಗಾಗಿ ಏರು ಶುರುವಾಗುವ ಮುಂಚೆ ಕುಶಾಲನಗರದಲ್ಲಿ ಒಂದು ಗಂಟೆ ಚಾರ್ಜಿಗೆ ಹಾಕಿ ತಿಂಡಿ ಮುಗಿಸಿಕೊಳ್ಳುವುದು ಒಳ್ಳೆಯದು. ಆದರೆ ಆ ಒಂದು ಗಂಟೆಯಲ್ಲಿ ಬ್ಯಾಟರಿಗೆ ಸೇರುವುದು ಮೂರು ಯೂನಿಟ್, ಎಂದರೆ ಇಪ್ಪತ್ತೈದು ಕಿಲೋಮೀಟರಿನಷ್ಟು. ಹೊಸ ಕಾರುಗಳು ಮುಕ್ಕಾಲು ಗಂಟೆಯಲ್ಲಿ ತುಂಬಿಸಿಕೊಳ್ಳುವ ಡಿಸಿ ಫಾಸ್ಟ್ ಚಾರ್ಜರ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಸಿಸಿಎಸ್ ಎಂಬ ಪ್ಲಗ್ಗಿನ ಈ ಫಾಸ್ಟ್ ಚಾರ್ಜರುಗಳು ಸಾಮಾನ್ಯವಾಗಿ 150 ಅಥವಾ 200 ವೋಲ್ಟಿಗಿಂತ ಕಡಿಮೆ ವೋಲ್ಟೇಜಿನ ಬ್ಯಾಟರಿಗೆ ಕೆಲಸವನ್ನೇ ಆರಂಭಿಸುವುದಿಲ್ಲ. ನಿಮ್ಮ 96 ವೋಲ್ಟಿಗೆ ಮನೆಯ 15 ಆಂಪಿಯರ್ ಸಾಕೆಟ್ಟೇ ಗತಿ, ಕಾರಿಗೆ ಎಸಿ ಚಾರ್ಜರಿನ ಪ್ಲಗ್ ಹೊಂದುವ ಟೈಪ್-2 ಸಾಕೆಟ್ ಹಾಕಿಸಿಕೊಂಡಿದ್ದರೆ ದಾರಿಯಲ್ಲಿ ಸಿಗುವ ಎಸಿ ಚಾರ್ಜರ್ ಕೂಡ ಆಗುತ್ತದೆ. ಅಕ್ಕನವರ ಮನೆಯಲ್ಲಿ ರಾತ್ರಿ ಆರೇಳು ಗಂಟೆ ಹಾಕಿದರೆ ತುಂಬುತ್ತದೆ.

ಅಲ್ಲಿ ಪೂರ್ತಿ ತುಂಬಿಸಬೇಡಿ, ತೊಂಬತ್ತಕ್ಕೆ ನಿಲ್ಲಿಸಿ. ಬ್ಯಾಟರಿ ಭರ್ತಿಯಾಗಿದ್ದರೆ ಇಳಿಜಾರಿನಲ್ಲಿ ಮೋಟಾರ್ ಹುಟ್ಟಿಸುವ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ. ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಬಿಎಂಎಸ್ ಅದನ್ನು ತಡೆಯುತ್ತದೆ, ಕಾರನ್ನು ಹಿಡಿದು ನಿಧಾನ ಮಾಡುತ್ತಿದ್ದ ಮೋಟಾರು ಥಟ್ಟನೆ ಕೈಬಿಡುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಎರಡನೇ ಗೇರಿಗೆ ಹಾಕಿ ಇಳಿಯುತ್ತಿದ್ದ ಅನುಕೂಲ ಈಗಿಲ್ಲ ಎಂಬುದು ನೆನಪಿರಲಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಕಾರು ಇದು. ಬಿಸಿಯಾದ ಡ್ರಮ್ ಹಿಡಿಯುವುದಿಲ್ಲವೆಂದು ಹಳೆಯ ಚಾಲಕರಿಗೆ ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ (ತುಮಕೂರಿನ ಸದಸ್ಯರು): ಗೇರ್‌ಬಾಕ್ಸ್ ಉಳಿಸಿಕೊಳ್ಳಬೇಕೇ, ತೆಗೆಯಬೇಕೇ? ಮೋಟಾರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟನ್ನು ನಮ್ಮ ಊರಿನ ಲೇತಿನಲ್ಲಿ ಮಾಡಿಸಬಹುದೇ?

ಉತ್ತರ: ಹದಿನೈದು-ಇಪ್ಪತ್ತು ಕಿಲೋವಾಟಿನ ಮೋಟಾರಾದರೆ ಉಳಿಸಿಕೊಳ್ಳಿ. ನಿಂತಲ್ಲಿಂದಲೇ ಎಳೆಯುವ ಶಕ್ತಿ ಮೋಟಾರಿಗಿರುವುದರಿಂದ ಊರೊಳಗೆ ಮೂರನೇ ಗೇರಿನಲ್ಲೇ ಇಡೀ ದಿನ ಓಡಿಸಬಹುದು, ಏರು ಬಂದಾಗ ಎರಡನೆಯದು ನೆರವಿಗೆ ಬರುತ್ತದೆ. ಗೇರ್‌ಬಾಕ್ಸ್ ತೆಗೆದು ಹಿಂದಿನ ಚಕ್ರಗಳಿಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ನೇರವಾಗಿ ಜೋಡಿಸಬೇಕೆಂದರೆ ಮೋಟಾರೂ ಅದಕ್ಕೆ ಕರೆಂಟು ಅಳೆದು ಕೊಡುವ ಕಂಟ್ರೋಲರೂ ಇನ್ನಷ್ಟು ದೊಡ್ಡವಿರಬೇಕಾಗುತ್ತದೆ.

ಪ್ಲೇಟಿನ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಮೊದಮೊದಲು ಇಪ್ಪತ್ತು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪ್ಲೇಟನ್ನು ಹಳೆಯ ಬೆಲ್ ಹೌಸಿಂಗಿನ (ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚ) ತೂತುಗಳ ಮೇಲಿಟ್ಟು, ಪೆನ್ಸಿಲಿನಲ್ಲಿ ಗುರುತು ಮಾಡಿ ಕೊರೆಸಿದ್ದೆವು. ಬೋಲ್ಟುಗಳೆಲ್ಲ ಬೆಣ್ಣೆಯಂತೆ ಕೂತವು. ಕಾರು ನಲವತ್ತರ ವೇಗ ಮುಟ್ಟಿದ ಕೂಡಲೇ ನೆಲದಿಂದ ತಂಬೂರಿಯ ಹಾಗೆ ಒಂದು ಗುಂಯ್‌ಗುಡುವ ಸದ್ದು. ಗೇರಿನ ಸದ್ದೆಂದು ಆಯಿಲ್ ಬದಲಾಯಿಸಿದೆವು, ಮೌಂಟಿಂಗ್ ರಬ್ಬರ್ ಬದಲಾಯಿಸಿದೆವು. ಮೂರು ತಿಂಗಳಿಗೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಪುಡಿಯಾಯಿತು. ಬಿಚ್ಚಿ, ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜ್ ಇಟ್ಟು ನೋಡಿದಾಗ ಮೋಟಾರಿನ ಶಾಫ್ಟು ಗೇರ್‌ಬಾಕ್ಸಿನ ಶಾಫ್ಟಿನ ಕೇಂದ್ರದಿಂದ 0.3 ಮಿಲಿಮೀಟರ್ ಸರಿದಿತ್ತು. ಉಗುರಿನಷ್ಟೂ ಇಲ್ಲದ ಆ ಅಂತರ ಸಾವಿರಾರು ಸುತ್ತಿನಲ್ಲಿ ಬೇರಿಂಗನ್ನು ತಿಂದುಹಾಕುತ್ತದೆ. ಈಗ ಮೊದಲು ಕೇಂದ್ರದ ಬೋರನ್ನು ಮಾಡಿಸಿ, ಅದನ್ನೇ ಆಧಾರವಾಗಿಟ್ಟುಕೊಂಡು ಬೋಲ್ಟಿನ ತೂತುಗಳನ್ನು ಕೊರೆಸುತ್ತೇವೆ, ಡಯಲ್ ಗೇಜ್ 0.05ರ ಒಳಗೆ ತೋರಿಸಿದ ಮೇಲೆಯೇ ಮೋಟಾರು ಕೂರಿಸುತ್ತೇವೆ. ನಿಮ್ಮ ಊರಿನ ಲೇತಿನವರು ಇಷ್ಟು ಮಾಡಿಕೊಟ್ಟರೆ ಧಾರಾಳವಾಗಿ ಮಾಡಿಸಿ, ಕೆಲಸ ಕೆಡುವುದು ಮನುಷ್ಯನ ಆತುರದಿಂದಲೇ ಹೊರತು ಲೇತಿನಿಂದಲ್ಲ. ಆದರೆ ರಸ್ತೆಗಿಳಿಸುವ ಕಾರಾದರೆ ಪ್ಲೇಟೂ ಅನುಮೋದಿತ ಕಿಟ್ಟಿನ ಭಾಗವೇ ಆಗಿರಬೇಕು.

ಪ್ರಶ್ನೆ (ಹಾಸನದ ಸದಸ್ಯರು): ಲಿಥಿಯಂ ದುಬಾರಿಯಲ್ಲವೇ? ಇನ್ವರ್ಟರಿಗೆ ಹಾಕುವ ಸೀಸದ ಬ್ಯಾಟರಿಗಳನ್ನೇ ಸಾಲಾಗಿ ಇಟ್ಟರೆ ಸಾಲದೇ? ಬೆಂಗಳೂರಿನ ರೇವಾ ಓಡುತ್ತಿದ್ದುದು ಅದರಲ್ಲೇ ಅಲ್ಲವೇ?

ಉತ್ತರ: ಹೌದು, 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಸೀಸದ ಬ್ಯಾಟರಿಯಲ್ಲೇ ಓಡಿತು, ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲೂ ಓಡಿತು. ಆದರೆ ಆ ಕಾರನ್ನು ಮೊದಲ ಗೆರೆಯಿಂದಲೂ ಬ್ಯಾಟರಿಗೆಂದೇ ಬರೆದಿದ್ದರು, ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್ ಎಂಬುದನ್ನು ಒಪ್ಪಿಕೊಂಡೇ ಜನ ಕೊಂಡರು. 19 ಯೂನಿಟ್ ಸೀಸದಲ್ಲಿ ಬೇಕೆಂದರೆ ಹತ್ತಿರ ಹತ್ತಿರ ಆರುನೂರು ಕಿಲೋ ತೂಕವಾಗುತ್ತದೆ. ಇಡೀ ಪದ್ಮಿನಿಯ ತೂಕವೇ ಸುಮಾರು ಒಂಬೈನೂರು ಕಿಲೋ. ಲಿಥಿಯಂ ಆದರೆ ಪೆಟ್ಟಿಗೆ ಸಮೇತ ನೂರೈವತ್ತರ ಆಸುಪಾಸಿನಲ್ಲಿ ಮುಗಿಯುತ್ತದೆ, ಇಂಜಿನ್, ರೇಡಿಯೇಟರ್, ಸೈಲೆನ್ಸರ್, ಪೆಟ್ರೋಲ್ ಟ್ಯಾಂಕ್ ತೆಗೆದ ಜಾಗಕ್ಕೆ ಅದು ಬರುತ್ತದೆ. ಎಲ್ಲ ಸೆಲ್ಲುಗಳನ್ನೂ ಡಿಕ್ಕಿಗೇ ತುರುಕಬೇಡಿ. ಹಿಂದಿನ ಲೀಫ್ ಸ್ಪ್ರಿಂಗ್ ಕುಸಿದು, ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ತೇಲಾಡುತ್ತದೆ. ಕೆಲಸಕ್ಕೆ ಮೊದಲೂ ಆಮೇಲೂ ವೇಬ್ರಿಡ್ಜಿನಲ್ಲಿ ಮುಂಭಾಗ, ಹಿಂಭಾಗಗಳನ್ನು ಬೇರೆ ಬೇರೆಯಾಗಿ ತೂಗಿಸಿ ಚೀಟಿ ಇಟ್ಟುಕೊಳ್ಳಿ.

ಪ್ರಶ್ನೆ (ಧಾರವಾಡದ ಸದಸ್ಯರು): ನಮ್ಮ ಅಜ್ಜನವರ 1974ರ ಅಂಬಾಸಡರ್ ಇದೆ, ಇಂಜಿನ್ ಈಗಲೂ ಒಂದೇ ಸೆಲ್ಫಿಗೆ ಶುರುವಾಗುತ್ತದೆ. ವಿದೇಶಗಳಲ್ಲಿ ಐವತ್ತು-ಅರವತ್ತು ವರ್ಷದ ಕಾರುಗಳನ್ನೂ ಬದಲಾಯಿಸುತ್ತಾರಲ್ಲ, ನಾವೇಕೆ ಮಾಡಬಾರದು?

ಉತ್ತರ: ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ಮೇಲೆ ಹೇಳಿದ 1990ರ ಗಡಿಯಿಂದಾಗಿ ನಿಯಮವೇ ಬಿಡುವುದಿಲ್ಲ ಎಂಬುದು ಒಂದು ಮಾತು. ಇನ್ನೊಂದು, 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಷಾಸಿ, ಬಾಡಿ ಮತ್ತು ಇಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದೆ ಮೂಲ ರೂಪದಲ್ಲಿರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ ಇಪ್ಪತ್ತು ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ನಿಮ್ಮ ಕಾರಿಗೆ ಐವತ್ತು ತುಂಬಿಯಾಗಿದೆ. ಇಂಜಿನ್ ಕಿತ್ತ ದಿನ ಆ ಅರ್ಹತೆಯೂ ಹೋಯಿತು.

ವಿದೇಶದ ಉದಾಹರಣೆಗಳನ್ನು ಪೂರ್ತಿ ನೋಡಬೇಕು. ಜಾಗ್ವಾರ್ ಕಂಪನಿ 2017ರಲ್ಲಿ ತೋರಿಸಿದ, 2018ರಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿಯವರು ತಮ್ಮ ಮದುವೆಯ ದಿನ ಓಡಿಸಿದ ಇ-ಟೈಪ್ ಝೀರೋದಲ್ಲಿ ಹಳೆಯ ಆರು ಸಿಲಿಂಡರ್ ಇಂಜಿನ್ನಿನ ಜಾಗದಲ್ಲೇ, ಅದರ ಅಳತೆ-ತೂಕಗಳಿಗೆ ಹೊಂದುವಂತೆ ಬ್ಯಾಟರಿಯನ್ನು ಕೂರಿಸಿದ್ದರು. ಮೂಲ ಕಾರಿಗಿಂತ ಅದು 46 ಕಿಲೋ ಹಗುರ, ಮತ್ತು ಬೇಕೆನಿಸಿದ ದಿನ ಹಳೆಯ ಇಂಜಿನ್ ಮತ್ತೆ ಇಡಬಹುದು. ಕಾರು ಕಟ್ಟಿದ ಕಂಪನಿಯೇ ಇಷ್ಟು ಜತನ ಮಾಡಿದರೂ, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಮಾತ್ರ ವಿದ್ಯುತ್ತಿಗೆ ಬದಲಾದ ಕಾರನ್ನು ಐತಿಹಾಸಿಕ ವಾಹನವೆಂದು ಒಪ್ಪುವುದಿಲ್ಲ. ನಿಮ್ಮ ಇಂಜಿನ್ ಒಂದೇ ಸೆಲ್ಫಿಗೆ ಶುರುವಾಗುತ್ತದೆ ಎಂದಿರಿ. ಎಥನಾಲ್ ತಡೆಯುವ ರಬ್ಬರ್ ಪೈಪು, ಪೆಟ್ರೋಲ್ ಪಂಪಿಗೆ ಹೊಸ ಡಯಾಫ್ರಂ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿಸಿ, ಏಕೆಂದರೆ ಎಥನಾಲ್ ಗಾಳಿಯ ತೇವವನ್ನು ಹೀರಿ ತಗಡನ್ನು ತಿನ್ನುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಹಾಗಾದರೆ ನನ್ನ ಪದ್ಮಿನಿಯ ವಿಷಯದಲ್ಲಿ ನೇರವಾಗಿ ಹೇಳಿಬಿಡಿ ಸರ್. ಹಣದ ಲೆಕ್ಕದಲ್ಲಿ ಲಾಭವಿದೆಯೇ?

ಉತ್ತರ: ಹಣದ ಲೆಕ್ಕದಲ್ಲಿ ಇಲ್ಲ. ನನ್ನ ಅನುಭವದಲ್ಲಿ ಒಪ್ಪವಾದ ಕೆಲಸಕ್ಕೆ ಐದು ಲಕ್ಷಕ್ಕೆ ಕಡಿಮೆಯಾಗುವುದಿಲ್ಲ. ಪೆಟ್ರೋಲಿನಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುವ ನಿಮ್ಮ ಕಾರಿಗೆ ಕಿಲೋಮೀಟರಿಗೆ ಎಂಟೂವರೆ ರೂಪಾಯಿ ತಗುಲುತ್ತದೆ ಎಂದುಕೊಳ್ಳಿ. ವಿದ್ಯುತ್ತಿಗೆ ಚಾರ್ಜರಿನ ನಷ್ಟ ಸೇರಿ ಯೂನಿಟ್‌ಗೆ ಎಂಟು ರೂಪಾಯಿಯಂತೆ ಒಂದು ರೂಪಾಯಿ ಹತ್ತು ಪೈಸೆ. ಉಳಿಯುವುದು ಏಳು ರೂಪಾಯಿ ನಲವತ್ತು ಪೈಸೆ. ಹಾಕಿದ ಐದು ಲಕ್ಷ ವಾಪಸು ಬರಲು ಅರವತ್ತೇಳು ಸಾವಿರ ಕಿಲೋಮೀಟರ್ ಓಡಬೇಕು, ನಿಮ್ಮ ದಿನಕ್ಕೆ ಹತ್ತರ ಲೆಕ್ಕದಲ್ಲಿ ಹದಿನೆಂಟು ವರ್ಷ, ಮಡಿಕೇರಿಯ ಓಡಾಟ ಸೇರಿಸಿದರೂ ಹತ್ತು ವರ್ಷಕ್ಕೆ ಮೇಲೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಮತ್ತು ವಾಲ್ವ್ ಕೆಲಸ ಮಾಡಿಸಿದರೆ ಇದರ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ.

ಆದರೆ ಬಿಡಿಭಾಗಕ್ಕೆ ಅಲೆದು ಸುಸ್ತಾಗಿದೆ, ಬೆಳಿಗ್ಗೆ ಕೀಲಿ ತಿರುಗಿಸಿ ಸದ್ದಿಲ್ಲದೆ ಹೊರಡಬೇಕು, ಅಪ್ಪನ ಕಾರಿನಲ್ಲೇ ದಿನವೂ ತಿರುಗಾಡಬೇಕು ಎಂಬುದು ನಿಮ್ಮ ಆಸೆಯಾದರೆ, ಊರೊಳಗಿನ ಓಡಾಟಕ್ಕೆ ಇದಕ್ಕಿಂತ ಹಿತವಾದ ಕಾರು ಇಲ್ಲ. ಮಾಡಿಸುವುದಾದರೆ ಮೊದಲು ತುಕ್ಕು, ಬ್ರೇಕು, ವೈರಿಂಗ್ ಮುಗಿಸಿ. ಮುಗಿದ ಮೇಲೆ ಆರ್‌ಸಿಯಲ್ಲಿ ಇಂಧನದ ಕಲಂ ಬದಲಾಯಿಸಿ, ವಿಮೆಯವರಿಗೆ ಬರೆದು ತಿಳಿಸಿ, ಹಸಿರು ನಂಬರ್ ಪ್ಲೇಟ್ ಹಾಕಿಸಿ. ಮನೆಯ ಸಾಕೆಟ್ಟಿನ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ನಿಂದ ಅಳೆಸಿ, ಮಂಜೂರಾದ ಲೋಡ್ ಎಷ್ಟಿದೆಯೆಂದು ಕರೆಂಟ್ ಬಿಲ್ಲಿನಲ್ಲಿ ನೋಡಿಕೊಳ್ಳಿ.

ಪ್ರಶ್ನೆ (ಅದೇ ಸದಸ್ಯರು): ಧನ್ಯವಾದಗಳು ಸರ್. ತೆಗೆದ ಇಂಜಿನ್ನನ್ನು ಏನು ಮಾಡಲಿ? ಗುಜರಿಯವರು ಈಗಲೇ ಬೆಲೆ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಪ್ಲಗ್ ಮತ್ತೆ ಹಾಕಿ. ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿ, ಮರದ ಹಲಗೆಯ ಮೇಲಿಟ್ಟು ಟಾರ್ಪಾಲಿನ್ ಹೊದಿಸಿ. ವರ್ಷಕ್ಕೆ ಎರಡು ಸಲ ಮತ್ತೆ ಎಣ್ಣೆ ಬಿಟ್ಟು ತಿರುಗಿಸುತ್ತಿರಿ. ಬ್ಲಾಕಿನ ಮೇಲಿರುವ ಇಂಜಿನ್ ನಂಬರಿನ ಫೋಟೋ ತೆಗೆದು, ಹಳೆಯ ಆರ್‌ಸಿಯ ಪ್ರತಿಯ ಜೊತೆ ಒಂದೇ ಕವರಿನಲ್ಲಿಡಿ.