ಸರ್ವಿಂಗ್ ನೂಲು ಎಷ್ಟು ಬಿಗಿ ಇರಬೇಕು? ಮೂರನೇ ಹೆದೆಯೂ ಹಾಳಾಯಿತು

ಅಮ್ಮತ್ತಿ_ತೋಟದವ:
ಎಲ್ಲರಿಗೂ ನಮಸ್ಕಾರ. ಮಗಳ ಹತ್ತಿರ 68 ಇಂಚಿನ ರಿಕರ್ವ್ ಬಿಲ್ಲಿದೆ, ಅವಳು ಎಳೆದಾಗ 28 ಪೌಂಡ್ ಬರುತ್ತದೆ. ಅಂಗಡಿಯಿಂದ ತಂದ ಹೆದೆಯ ಸರ್ವಿಂಗ್ (ಬಾಣ ಸಿಗಿಸುವ ನಡುಭಾಗಕ್ಕೆ ಸುತ್ತುವ ನೂಲು) ಎರಡೇ ವಾರಕ್ಕೆ ಬಿಚ್ಚಿಕೊಂಡಿತು. ಇನ್ನು ನಾನೇ ಮಾಡುತ್ತೇನೆ ಎಂದು ಹಟ ಹಿಡಿದು ಕೂತಿದ್ದೇನೆ. ಹೇಗೂ ಕಕ್ಕಡ ತಿಂಗಳ ಮಳೆ, ತೋಟಕ್ಕೆ ಇಳಿಯುವ ಹಾಗೂ ಇಲ್ಲ.

8125 ಎಂಬ ಹೆದೆ ನೂಲು 18 ಎಳೆ, ಅದರ ಮೇಲೆ 0.021 ಇಂಚಿನ ಸರ್ವಿಂಗ್ ನೂಲು. ಮೊದಲನೆಯದು ನೋಡಲು ಬಹಳ ಚೆಂದ ಬಂತು. ನೂರು ಬಾಣ ಬಿಡುವಷ್ಟರಲ್ಲಿ ನಾಕಿಂಗ್ ಪಾಯಿಂಟ್ (ಹೆದೆ ಮೇಲೆ ಬಾಣ ಕೂರುವ ಗುರುತು) ಸಮೇತ 3 ಮಿಲಿಮೀಟರ್ ಕೆಳಗೆ ಜಾರಿತ್ತು. ಮಗಳು "ಪಪ್ಪ, ಬಾಣ ಎಲ್ಲಾ ಮೇಲೆ ಹೋಗ್ತಿದೆ" ಅಂದಾಗ ಅವಳಿಗೇ ಬೈದೆ. ಎರಡನೆಯದಕ್ಕೆ, ನೂಲು ಸುತ್ತುವ ಜಿಗ್‌ನಲ್ಲಿ ನೂಲಿನ ಬಿಗಿ ಹಿಡಿಯುವ ವಿಂಗ್ ನಟ್ ಗಟ್ಟಿಯಾಗಿ ತಿರುಗಿಸಿದೆ. ಹೆದೆ ಹಾವಿನ ಹಾಗೆ ಹೊರಳಿಕೊಂಡಿತು. ಮೂರನೆಯದಕ್ಕೆ ಇನ್ನರ್ಧ ಸುತ್ತು ಬಿಗಿ ಮಾಡಿದೆ, ನೂಲೇ ತುಂಡಾಯಿತು.

ನಟ್ ಎಷ್ಟು ಸುತ್ತು ತಿರುಗಿಸಬೇಕು? ಯಾರಾದರೂ ಒಂದು ಲೆಕ್ಕ ಹೇಳಿ.

ಹಳೇ_ರಿಕರ್ವ್:
ನಟ್ಟಿಗೆ ಲೆಕ್ಕ ಇಲ್ಲ ಅಣ್ಣ. ನನ್ನ ಜಿಗ್‌ನ ಸ್ಪ್ರಿಂಗೇ ಬೇರೆ, ನಿಮ್ಮದೇ ಬೇರೆ. ಸಾಲದ್ದಕ್ಕೆ ರೀಲು ಖಾಲಿಯಾಗುತ್ತಾ ಬಂದ ಹಾಗೆ ಅದೇ ನಟ್ಟಿನಲ್ಲಿ ನೂಲಿನ ಬಿಗಿ ಏರುತ್ತದೆ. ಅದಿರಲಿ, ಸುತ್ತುವಾಗ ಹೆದೆಯನ್ನು ಎಷ್ಟು ಎಳೆದು ಕಟ್ಟಿದ್ದಿರಿ?

ಅಮ್ಮತ್ತಿ_ತೋಟದವ:
ಹಲಗೆ ಮೇಲೆ ಎರಡು ಕೊಕ್ಕೆ, ಕೈಯಲ್ಲಿ ಎಳೆದು ಸಿಗಿಸಿದ್ದು. ಸಡಿಲ ಏನೂ ಇರಲಿಲ್ಲ.

ಹಳೇ_ರಿಕರ್ವ್:
ಸಿಕ್ಕಿತು ಬಿಡಿ. ಕೈಯಲ್ಲಿ ಎಳೆದ ಹೆದೆ ದಪ್ಪಗಿರುತ್ತದೆ. ಬಿಲ್ಲಿಗೆ ಏರಿಸಿದ ಕೂಡಲೇ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಹೆದೆ ಸಪೂರ ಆಗುತ್ತದೆ. ಆಗ ಮೇಲಿನ ಸರ್ವಿಂಗ್ ದೊಡ್ಡ ಸೈಜಿನ ಬಳೆ ಇದ್ದ ಹಾಗೆ. ಜಾರದೆ ಇನ್ನೇನು ಮಾಡುತ್ತದೆ? ಎರಡನೆಯದು ಹೊರಳಿದ್ದೂ ಇದಕ್ಕೇ. ಸಡಿಲ ಹೆದೆಯನ್ನು ಬಿಗಿ ನೂಲು ಸುಲಭವಾಗಿ ತಿರುಚಿಬಿಡುತ್ತದೆ. ನೀವು ಎರಡು ರೋಗ ಅಂದುಕೊಂಡದ್ದು ಒಂದೇ ರೋಗ.

ಮನೆಯಲ್ಲಿ ಕಾಫಿ ತೂಗುವ ಕೊಕ್ಕೆ ತಕ್ಕಡಿ ಇರಬೇಕಲ್ವಾ? ಒಂದು ತುದಿಗೆ ಅದನ್ನು ಸಿಗಿಸಿ, ಇನ್ನೊಂದು ತುದಿಗೆ ಉದ್ದ ಬೋಲ್ಟ್ ಹಾಕಿ ತಿರುಗಿಸುತ್ತಾ ಬನ್ನಿ. ನಾನು 28 ಪೌಂಡಿನ ಬಿಲ್ಲಿಗೆ 40 ಕಿಲೋ ತೋರಿಸುವವರೆಗೆ ಎಳೆಯುತ್ತೇನೆ. ಆ ಹಲಗೆ ತಡೆಯುವುದಿಲ್ಲ, ಗಟ್ಟಿ ಮರದ ತೊಲೆ ಬೇಕು. ಕಣ್ಣು ಜೋಪಾನ, ಕೊಕ್ಕೆ ಕಳಚಿದರೆ ಮುಖಕ್ಕೇ ಬರುತ್ತದೆ. ಒಂದು ಗಂಟೆ ಹಾಗೇ ಬಿಡಿ. ಆಮೇಲೆ ಸುತ್ತಿ.

ನೂಲಿನ ಬಿಗಿ ಕೈಗೆ ಗೊತ್ತಾಗಬೇಕು. ಹೆದೆ ಮೇಲೆ ಬಿಳಿ ಪೆನ್ನಿನಲ್ಲಿ ಉದ್ದಕ್ಕೊಂದು ಗೆರೆ ಎಳೆಯಿರಿ. ಜಿಗ್ ಸುತ್ತುತ್ತಾ ಹೋದಾಗ ಗೆರೆ ಸ್ವಲ್ಪ ಪಕ್ಕಕ್ಕೆ ವಾಲಿ ಅಲ್ಲೇ ನಿಂತರೆ ಸರಿ. ಸುತ್ತು ಹೊಡೆಯುತ್ತಲೇ ಹೋದರೆ ನಟ್ ಕಾಲು ಸುತ್ತು ಬಿಡಿ. ಒಂದು ಇಂಚು ಆದ ಮೇಲೆ ಎರಡು ಉಗುರಿನಲ್ಲಿ ಹಿಡಿದು ಪಕ್ಕಕ್ಕೆ ತಳ್ಳಿ. ಸುತ್ತುಗಳ ನಡುವೆ ಬಿರುಕು ಕಂಡರೆ ಇನ್ನೂ ಸಡಿಲ. ಆಗ ಬಿಚ್ಚಿಬಿಡಿ, ಒಂದು ಇಂಚಿಗೆ ಬೇಜಾರು ಬೇಡ. ಏಳು ಇಂಚು ಮುಗಿಸಿದ ಮೇಲೆ ಬಿಚ್ಚುವುದು ಜೀವ ಹಿಂಡುವ ಕೆಲಸ.

ನಾಪೋಕ್ಲು_ಅಕ್ಕ:
ಎರಡು ಮಾತು ಸೇರಿಸುತ್ತೇನೆ. ಹೆದೆಗೆ ಯಾವ ಕಡೆ ತಿರುವು ಹಾಕುತ್ತೀರೋ ಸರ್ವಿಂಗ್ ಕೂಡ ಅದೇ ಕಡೆಗೆ ಸುತ್ತಬೇಕು. ಉಲ್ಟಾ ಸುತ್ತಿದರೆ ಒಂದು ಇನ್ನೊಂದನ್ನು ಬಿಚ್ಚುತ್ತಾ ಇರುತ್ತದೆ.

ಮತ್ತೆ ಮೇಣ. ಮಳೆಗಾಲ ಅಂತ ಜಾಸ್ತಿ ಬಳಿದಿರುತ್ತೀರಿ, ನಾನೂ ಹಾಗೇ ಮಾಡುತ್ತಿದ್ದೆ. ಸರ್ವಿಂಗ್ ಅಡಿಯಲ್ಲಿ ಮೇಣ ದಪ್ಪಗಿದ್ದರೆ ಎಷ್ಟು ಬಿಗಿ ಸುತ್ತಿದರೂ ಜಾರುತ್ತದೆ. ಸುತ್ತುವ ಮೊದಲು ಒಂದು ತುಂಡು ನೂಲನ್ನು ಹೆದೆಗೆ ಒಂದು ಸುತ್ತು ಹಾಕಿ ಉದ್ದಕ್ಕೆ ಎಳೆಯಿರಿ. ಎಷ್ಟು ಮೇಣ ಉದುರುತ್ತದೆ ನೋಡಿ, ಆಶ್ಚರ್ಯ ಆಗುತ್ತದೆ.

ಅಮ್ಮತ್ತಿ_ತೋಟದವ:
ಹತ್ತು ದಿನ ಆಯಿತು, ಸುದ್ದಿ ಹೇಳಬೇಕಲ್ಲ. ಸ್ಟೋರ್‌ನ ತೊಲೆಗೆ ಬೋಲ್ಟ್ ಹಾಕಿ, ತಕ್ಕಡಿ ಸಿಗಿಸಿ 40 ಕಿಲೋಗೆ ಎಳೆದೆ. ಒಂದು ಗಂಟೆ ಬಿಟ್ಟು ನೋಡಿದರೆ ಮುಳ್ಳು 34ಕ್ಕೆ ಇಳಿದಿತ್ತು, ಮತ್ತೆ ಎಳೆದೆ. ಅಕ್ಕ, ಮೇಣದ ಮಾತು ನಿಜ, ಕಡಲೆ ಗಾತ್ರದ ಉಂಡೆ ಬಂತು. ನಟ್ ಈಗ ಮೊದಲಿಗಿಂತಲೂ ಸಡಿಲ ಇದೆ, ಆದರೂ ಸರ್ವಿಂಗ್ ಅಲ್ಲಾಡುತ್ತಿಲ್ಲ. ಮಳೆಗೆ ಕಣವೆಲ್ಲ ಪಾಚಿ, ಹಾಗಾಗಿ ಸ್ಟೋರ್ ಒಳಗೇ 18 ಮೀಟರ್‌ನಲ್ಲಿ 240 ಬಾಣ ಬಿಟ್ಟಳು. ನಾಕಿಂಗ್ ಪಾಯಿಂಟ್ ಇದ್ದಲ್ಲೇ ಇದೆ.

ಒಂದೇ ತಕರಾರು. ನಾಕ್ (ಬಾಣದ ಹಿಂತುದಿಯ ಸೀಳು) ಹೆದೆಗೆ ತೀರಾ ಬಿಗಿಯಾಗಿ ಕೂರುತ್ತಿದೆ. ಈಗ ನೂಲು ಸಪೂರ ಮಾಡಲೋ, ಎಳೆ ಕಡಿಮೆ ಮಾಡಲೋ?

ಹಳೇ_ರಿಕರ್ವ್:
ಬಾಣವನ್ನು ಹೆದೆಗೆ ಸಿಗಿಸಿ ತುದಿ ಕೆಳಗೆ ಮಾಡಿ ನೇತಾಡಿಸಿ. ಹೆದೆಗೆ ಬೆರಳಿನಿಂದ ಮೆಲ್ಲಗೆ ಹೊಡೆದರೆ ಬೀಳಬೇಕು. ಬೀಳದಿದ್ದರೆ ಮುಂದಿನದನ್ನು 16 ಎಳೆಗೆ ಮಾಡಿ, 28 ಪೌಂಡಿಗೆ ಧಾರಾಳ ಸಾಕು. ಇದರಲ್ಲಿ ಸರ್ವಿಂಗ್ ಮಾತ್ರ ಬಿಚ್ಚಿ 0.018 ಸುತ್ತಿ. ಸಪೂರ ನೂಲಿಗೆ ನಟ್ ಇನ್ನೂ ಸ್ವಲ್ಪ ಬಿಡಬೇಕು, ಇಲ್ಲವಾದರೆ ಮೂರನೇ ಹೆದೆಯ ಕಥೆಯೇ.

ಅಮ್ಮತ್ತಿ_ತೋಟದವ:
ಬೀಳಲಿಲ್ಲ. ನಾಳೆ 16 ಎಳೆಯದು ಶುರು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪಕ್ಕದಲ್ಲಿ ಬಿಲ್ಲನ್ನೂ ಇಡಬೇಕು, ಅದಕ್ಕೂ ತೋಕ್‌ಪೂ ಹೂವು ಸಿಗಿಸಬೇಕು ಎಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ. ಅಷ್ಟರೊಳಗೆ ಎರಡು ಹೆದೆ ರೆಡಿ ಆಗಬೇಕು.

ನಾಪೋಕ್ಲು_ಅಕ್ಕ:
ಎರಡನ್ನೂ ಒಂದೇ ದಿನ, ಒಂದೇ ರೀಲಿನಲ್ಲಿ ಸುತ್ತಿ. ನಡುವೆ ನಟ್ ಮುಟ್ಟಬೇಡಿ.