ಬೈಕ್ ಬಂದು ಬಡಿದರೂ ಹೆಡ್ಡಿಂಗ್‌ನಲ್ಲಿ ಜೀಪ್! ಅಪಘಾತದ ಸುದ್ದಿ ಹೀಗೇಕೆ ಬರೀತಾರೆ?

ಬಿದನೂರಿನವ:

ಪತ್ರಿಕೆ ಓದುವವರಿಗೂ ಬರೆಯುವವರಿಗೂ ಸೇರಿಸಿ ಕೇಳ್ತಾ ಇದೀನಿ. ನಮ್ಮ ಕಡೆ ಯಾವುದಾದರೂ ಅಪಘಾತದಲ್ಲಿ ಫೋರ್ ವೀಲ್ ಡ್ರೈವ್ (ಇಂಜಿನ್ ನಾಲ್ಕೂ ಚಕ್ರ ಓಡಿಸೋ) ಗಾಡಿ ಇದ್ದರೆ ಸಾಕು, ತಪ್ಪು ಯಾರದ್ದೇ ಇರಲಿ, ಸುದ್ದಿ ಶುರುವಾಗೋದೇ ಜೀಪಿನಿಂದ. ಮಳೆ ಎಷ್ಟು ಹೊಯ್ತಿತ್ತು, ಟೈರ್ ಹೇಗಿತ್ತು, ಲೈಟ್ ಉರೀತಿತ್ತಾ, ಯಾರು ಯಾವ ಬದಿಯಲ್ಲಿದ್ರು, ಇದ್ಯಾವುದೂ ಕೊನೇ ಸಾಲಿಗೂ ಬರಲ್ಲ. ಇದು ನನಗೊಬ್ಬನಿಗೆ ಅನ್ನಿಸ್ತಿದೆಯಾ, ನೀವೂ ಗಮನಿಸಿದೀರಾ?

ಹೋದ ಮಳೆಗಾಲದ್ದು ಒಂದು ಹೇಳ್ತೀನಿ, ನಾನೇ ಜಾಗದಲ್ಲಿದ್ದೆ. ಬಿದನೂರು ನಗರದಿಂದ ಹೊಸನಗರಕ್ಕೆ ಹೋಗೋ ದಾರಿ. ಪಕ್ಕದ ಮನೆಯವರ ಹಳೇ ಎಂಎಂ 540 ಜೀಪು ಟಾರು ಬಿಟ್ಟು ಪೂರ್ತಿ ಮಣ್ಣಿಗಿಳಿದು ನಿಂತಿತ್ತು. ಇಂಜಿನ್ ಆಫ್. ಹಿಂದೆ ಅಡಿಕೆಗೆ ಹೊಡೆಯೋ ಬೋರ್ಡೋ ಔಷಧಿಯ ಡ್ರಮ್ಮು, ಮೈಲುತುತ್ತದ ಚೀಲ, ಪಂಪು. ಮಳೆ ಹೊಳವಾದರೆ ಔಷಧಿ ಹೊಡೆಸೋಣ ಅಂತ ಮರ ಹತ್ತೋ ಕೊನೆಗಾರರನ್ನ ಕಾಯ್ತಿದ್ವಿ. ತಿರುವಿನಲ್ಲಿ ರಸ್ತೆ ಬದಿಯ ಮಣ್ಣಿನ ಧರೆ ಜರಿದು ಕೆಮ್ಮಣ್ಣಿನ ರಾಡಿ ಟಾರಿನ ಮೇಲೆ ಅರ್ಧ ರಸ್ತೆ ಹರಡಿಕೊಂಡಿತ್ತು. ಬೈಕಿನಲ್ಲಿ ಬಂದ ಹುಡುಗ ರಾಡಿ ಕಂಡು ಬ್ರೇಕ್ ಒತ್ತಿದ. ಮುಂದಿನ ಚಕ್ರ ಕಚ್ಚಿ ಹಿಡೀತು, ಬೈಕು ಮಗ್ಗುಲಿಗೆ ಬಿದ್ದು ಜಾರಿಕೊಂಡು ಬಂದು ಜೀಪಿನ ಹಿಂದಿನ ಚಕ್ರಕ್ಕೆ ಬಡೀತು. ಹುಡುಗನ ಮೊಣಕಾಲ ಕೆಳಗೆ ಮುರಿದಿತ್ತು. ಡ್ರಮ್ಮು ಅಲ್ಲೇ ಇಳಿಸಿ, ಅದೇ ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದ್ವಿ. ಕಾಲಿಗೆ ಅಡಿಕೆ ಹಾಳೆ ಕೊಟ್ಟು ಪಂಚೆಯಿಂದ ಕಟ್ಟಿದ್ವಿ, ಅಲ್ಲಾಡಬಾರದು ಅಂತ.

ಮರುದಿನ ಒಂದು ಪತ್ರಿಕೆಯಲ್ಲಿ ‘ಜೀಪ್ ಡಿಕ್ಕಿ: ಬೈಕ್ ಸವಾರ ಗಂಭೀರ’ ಅಂತ ಬಂತು. ಮೊಬೈಲಿನಲ್ಲಿ ಓಡಾಡೋ ಒಂದು ಸುದ್ದಿ ಪೇಜು ಇನ್ನೂ ಮುಂದೆ ಹೋಗಿ, ಮಲೆನಾಡಿನಲ್ಲಿ ಫೋರ್ ವೀಲ್ ಜೀಪುಗಳ ಹಾವಳಿ ಅಂತ ಬರೀತು. ಅದಕ್ಕೆ ಹಾಕಿದ ಫೋಟೋ ಯಾವುದೋ ರ್‍ಯಾಲಿಯದ್ದು. ಕೆಸರು ಎರಚುತ್ತಾ ಹಾರ್ತಿರೋ, ದೊಡ್ಡ ಟೈರಿನ, ಬಣ್ಣ ಬಣ್ಣದ ಗಾಡಿ. ನಮ್ಮವರ ಜೀಪಿಗೆ ಟಾರ್ಪಾಲೇ ನೆಟ್ಟಗಿಲ್ಲ. ಧರೆ ಜರಿದಿದ್ದು, ಮಣ್ಣು ಹಾಗೇ ಬಿದ್ದಿದ್ದು, ಎರಡರಲ್ಲೂ ಒಂದು ಅಕ್ಷರ ಇಲ್ಲ. ಸುದ್ದಿ ಓದಿದವರು ಜೀಪಿನವರಿಗೆ ಬೈದರು. ಮಣ್ಣು ತೆಗೀರಿ ಅಂತ ಯಾರೂ ಕೇಳಲಿಲ್ಲ. ಕಡೆಗೆ ನಾವೇ ಊರವರು ಹಾರೆ ಗುದ್ದಲಿ ತಗೊಂಡು ಹೋಗಿ ಬಳಿದ್ವಿ.

ಅದೇ ವಾರ ಸಾಗರದ ರಸ್ತೆಯಲ್ಲಿ ಒಂದು ಕಾರು ಮರಕ್ಕೆ ಗುದ್ದಿತ್ತು. ಅದೇ ಪತ್ರಿಕೆ ‘ಚಾಲಕ ನಿದ್ದೆಗೆ ಜಾರಿದ್ದರಿಂದ’ ಅಂತ ಸರಿಯಾಗಿ ಕಾರಣ ಬರೆದಿತ್ತು. ಕಾರಿನ ಕಂಪನಿ ಯಾವುದು, ಯಾವ ಚಕ್ರ ತಿರುಗುತ್ತೆ ಅನ್ನೋ ಸುದ್ದಿಗೇ ಹೋಗಿರಲಿಲ್ಲ. ಹಾಗೆ ಬರೆಯೋಕೆ ಬರುತ್ತೆ ಅಂತಾಯ್ತಲ್ಲ. ಜೀಪಿಗೆ ಯಾಕೆ ಆ ನ್ಯಾಯ ಇಲ್ಲ?

ನಮ್ಮಲ್ಲಿ ಜೀಪು ಇಟ್ಟುಕೊಳ್ಳೋದು ಶೋಕಿಗಲ್ಲ ಮಾರಾಯ್ರೆ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಹಳ್ಳ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೆರಿಗೆಗೆ ಹೋಗೋದೂ ಅದರಲ್ಲೇ, ಗೊಬ್ಬರ ಬರೋದೂ ಅದರಲ್ಲೇ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಕಲ್ಲಿನ ಮೇಲೆ ಕಲ್ಲು ಹತ್ತಿಸೋ ಜೀಪಿನವರನ್ನ ನೋಡಿ, ನಡೆದು ಹೋಗೋರ ವೇಗದಲ್ಲೇ ಹೋಗ್ತಾರೆ. ಈ ಗಾಡಿಗಳ ಬಗ್ಗೆ ಊರೆಲ್ಲ ಒಂದೇ ಅಭಿಪ್ರಾಯ ಕಟ್ಟಿಬಿಟ್ಟರೆ ನಾಳೆ ಅಪಘಾತದ ಕೇಸಿನಲ್ಲಿ, ಇನ್ಶೂರೆನ್ಸ್‌ನಲ್ಲಿ ಅದೇ ತಲೆಯಲ್ಲಿ ಕೂತಿರುತ್ತೆ. ಗೊತ್ತಿದ್ದವರು ಹೇಳಿ: ಇದನ್ನ ಸರಿ ಮಾಡಿಸೋ ದಾರಿ ಏನು?

ಗ್ಯಾರೇಜ್ ಮೇಸ್ತ್ರಿ, ತೀರ್ಥಹಳ್ಳಿ:

ಮೊದಲನೇದಾಗಿ ಅಣ್ಣ, ಪೇಪರಿನವರು ಫೋರ್ ವೀಲ್ ಅಂತ ಬರೆಯೋ ಗಾಡಿಗಳಲ್ಲಿ ಎಷ್ಟೋ ಫೋರ್ ವೀಲೇ ಅಲ್ಲ. ಥಾರ್ 2023ರ ಜನವರಿಯಿಂದ ಬರೀ ಹಿಂದಿನ ಚಕ್ರ ಓಡೋ ಮಾಡೆಲ್‌ನಲ್ಲೂ ಬರ್ತಿದೆ. ಫಾರ್ಚುನರ್ ಎರಡು ಥರದ್ದೂ ಇದೆ. ಬೊಲೆರೊ ಬಹುಪಾಲು ಹಿಂದಿನ ಚಕ್ರದ್ದೇ. ಜಿಮ್ನಿ ಆದರೆ ನಮ್ಮ ದೇಶದಲ್ಲಿ ಎಲ್ಲಾ ಮಾಡೆಲ್ಲೂ ಫೋರ್ ವೀಲ್ ಡ್ರೈವೇ. ಹೊರಗಿಂದ ನೋಡಿ ಹೇಳೋಕಾಗಲ್ಲ, ಒಳಗೆ ಗೇರಿನ ಪಕ್ಕ ಇನ್ನೊಂದು ಲಿವರ್ರೋ ತಿರುಗಿಸೋ ಸ್ವಿಚ್ಚೋ ಇದೆಯಾ ಅಂತ ಬಗ್ಗಿ ನೋಡಬೇಕು. ಎತ್ತರ ಇದ್ದು ಚೌಕ ಇದ್ದರೆ ಜೀಪು ಅಂತಾರೆ, ಜೀಪು ಅಂದ ಮೇಲೆ ಫೋರ್ ವೀಲು ಅಂತಾರೆ.

ಎರಡನೇದು, ಫೋರ್ ವೀಲ್ ಇದ್ದ ಗಾಡಿಯಲ್ಲೂ ಟಾರಿನ ಮೇಲೆ ಸಾಮಾನ್ಯವಾಗಿ ಆ ಲಿವರ್ ಹಾಕಿರಲ್ಲ. ಹಳೇ ಜೀಪಿನಲ್ಲಿ ಒಣ ಟಾರಿನ ಮೇಲೆ ಹಾಕಿ ತಿರುಗಿಸಿದರೆ ಮುಂದಿನ ಚಕ್ರ, ಹಿಂದಿನ ಚಕ್ರ ಒಂದಕ್ಕೊಂದು ಎಳೆದಾಡಿ ಗಾಡಿ ಬಿಗಿದುಕೊಳ್ಳುತ್ತೆ, ಲಿವರ್ ಆಮೇಲೆ ಬಿಡಿಸೋಕೂ ಬರಲ್ಲ. ಹಾಗಾಗಿ ರಸ್ತೆ ಮೇಲಿನ ಅಪಘಾತದ ಹೊತ್ತಿಗೆ ಬಹುಪಾಲು ಅದೂ ಎರಡೇ ಚಕ್ರ ಓಡ್ತಿರೋ ಗಾಡಿ. ಇನ್ನು ಬ್ರೇಕು. ಮಾರುತಿ ಇರಲಿ ಜೀಪು ಇರಲಿ, ನಾಲ್ಕು ಚಕ್ರಕ್ಕೂ ಬ್ರೇಕ್ ಇದ್ದೇ ಇದೆ. ಫೋರ್ ವೀಲ್ ಡ್ರೈವ್ ಕೆಸರಿನಿಂದ ಮೇಲೆ ಬರೋಕೆ ಎಳೆತ ಕೊಡುತ್ತೆ, ನಿಲ್ಲಿಸೋಕೆ ಒಂದು ಗೇಣೂ ಸಹಾಯ ಮಾಡಲ್ಲ. ಇದನ್ನ ಪೇಟೆಯಿಂದ ಹೊಸಾ ಗಾಡಿ ತಂದು ಆಗುಂಬೆ ಇಳಿಯೋ ಹುಡುಗರಿಗೂ ಯಾರಾದರೂ ಹೇಳಬೇಕು. ಹದಿನಾಲ್ಕು ತಿರುವಿಗೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳೀತಾರೆ, ಘಾಟಿ ಕೆಳಗಿನ ಸೋಮೇಶ್ವರಕ್ಕೆ ಬರೋ ಹೊತ್ತಿಗೆ ಲೈನರ್ ಸುಟ್ಟ ವಾಸನೆ. ಸೆಕೆಂಡ್ ಗೇರಿನಲ್ಲಿಟ್ಟರೆ ಇಂಜಿನ್ನೇ ಹಿಡಿಯುತ್ತೆ.

ನನ್ನ ಹತ್ರ ಗುದ್ದಿಸಿಕೊಂಡು ಬರೋ ಜೀಪುಗಳಲ್ಲಿ ನಾನು ಮೊದಲು ನೋಡೋದು ಟೈ ರಾಡ್ ಎಂಡು, ಅಂದರೆ ಸ್ಟೇರಿಂಗಿನಿಂದ ಮುಂದಿನ ಚಕ್ರ ತಿರುಗಿಸೋ ರಾಡಿನ ತುದಿಯ ಬಾಲ್ ಜಾಯಿಂಟು. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಎಡಗೈ ಒಂದು ಬದಿ ಬಲಗೈ ಒಂದು ಬದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತೆ. ಬಾಲ್ ಸವೆದು ರಬ್ಬರ್ ಬೂಟ್ ಹರಿದು ಗ್ರೀಸಿನ ಜಾಗದಲ್ಲಿ ಕೆಸರು ತುಂಬಿರುತ್ತೆ. ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಡವಾಗಿ ಕೇಳುತ್ತೆ. ಎರಡನೇದು ಮಡ್ ಟೈರು. ದೊಡ್ಡ ದೊಡ್ಡ ಗುಬ್ಬಿ ಇರೋ ಟೈರು ಕೆಸರಿಗೆ ಚಂದ, ಒದ್ದೆ ಟಾರಿನ ಮೇಲೆ ಅದಕ್ಕೆ ಹಿಡಿತ ಕಡಿಮೆ. ಪತ್ರಿಕೆಯವರು ಇದನ್ನ ಬರೆದರೆ ಹತ್ತು ಜನ ಬಂದು ಟೈ ರಾಡ್ ತೋರಿಸಿಕೊಂಡು ಹೋಗ್ತಾರೆ.

ಹಳೇ ವರದಿಗಾರ, ಸಾಗರ:

ತಾಲ್ಲೂಕು ಮಟ್ಟದಲ್ಲಿ ಬಿಡಿ ಸುದ್ದಿಗಾರನಾಗಿ ಕೆಲಸ ಮಾಡಿದವನು ನಾನು. ದ್ವೇಷ ಅಂತ ಯಾರಿಗೂ ಇರಲ್ಲ, ಸುದ್ದಿ ತಯಾರಾಗೋ ರೀತಿಯಲ್ಲೇ ಇದು ಸೇರಿಕೊಂಡಿದೆ. ಸಂಜೆ ಠಾಣೆಯಿಂದ ನಾಲ್ಕು ಸಾಲು ಸಿಗುತ್ತೆ: ಯಾವ ಊರು, ಯಾವ ವಾಹನ, ಯಾರಿಗೆ ಗಾಯ. ಸ್ಥಳಕ್ಕೆ ಹೋಗೋಕೆ ಹೊತ್ತಿಲ್ಲ, ಪೆಟ್ರೋಲಿಗೆ ಕೊಡೋರೂ ಇಲ್ಲ. ದೂರು ಕೊಟ್ಟವರು ಸಾಮಾನ್ಯವಾಗಿ ಗಾಯಾಳುವಿನ ಕಡೆಯವರು, ಹಾಗಾಗಿ ಎಫ್‌ಐಆರ್‌ನಲ್ಲಿ ಎದುರಿನ ದೊಡ್ಡ ಗಾಡಿ ಅತಿವೇಗ, ಅಜಾಗರೂಕತೆ ಅಂತಲೇ ಇರುತ್ತೆ. ಅದರ ಕಲಂ ಮೊದಲು ಹಳೇ ದಂಡಸಂಹಿತೆ ಐಪಿಸಿಯ 279, 2024ರ ಜುಲೈನಿಂದ ಹೊಸ ದಂಡಸಂಹಿತೆ ಬಿಎನ್‌ಎಸ್‌ನ 281. ಎಫ್‌ಐಆರ್‌ನಲ್ಲಿರೋದು ದೂರು, ತೀರ್ಮಾನ ಅಲ್ಲ. ಪತ್ರಿಕೆಯಲ್ಲಿ ಬರುವಾಗ ತೀರ್ಮಾನದ ಹಾಗೇ ಬರುತ್ತೆ.

ಗಾಡಿಯ ಬ್ರೇಕು, ಸ್ಟೇರಿಂಗು ಹೇಗಿತ್ತು ಅಂತ ಮೋಟಾರು ವಾಹನ ನಿರೀಕ್ಷಕರು ಪರೀಕ್ಷೆ ಮಾಡಿ ವರದಿ ಕೊಡ್ತಾರೆ. ಪೊಲೀಸರು ಸ್ಥಳ ಮಹಜರು ಮಾಡಿ ನಕ್ಷೆ ಬರೀತಾರೆ. ನಿಮ್ಮ ಧರೆ, ರಾಡಿ ಎಲ್ಲ ಬರೋದು ಅದರಲ್ಲೇ. ಆದರೆ ಅವು ಸಿದ್ಧವಾಗೋ ಹೊತ್ತಿಗೆ ಸುದ್ದಿ ಹಳತಾಗಿರುತ್ತೆ, ಎರಡನೇ ಸಲ ಯಾರೂ ಬರೆಯಲ್ಲ. ಡೆಸ್ಕಿನಲ್ಲಿ ಒಂದು ಕಾಲಮ್ಮಿನ ಹೆಡ್ಡಿಂಗ್ ಕೂರಿಸಬೇಕು, ‘ಜೀಪ್’ ಚಿಕ್ಕದು, ಕಣ್ಣಿಗೆ ಹೊಡೆಯುತ್ತೆ. ಇಷ್ಟೇ.

ಟೀಚರ್, ಹೊಸನಗರ:

ಬಿದನೂರಿನ ಅಣ್ಣ, ನಿಮ್ಮ ಪಕ್ಕದ ಮನೆಯವರಿಗೆ ಆಗಿದ್ದು ಅನ್ಯಾಯವೇ. ಆದರೂ ನಡೆದು ಹೋಗೋರ ಕಡೆಯಿಂದ ಒಂದು ಮಾತು ಹೇಳಲೇಬೇಕು. ಶನಿವಾರ ಬೆಳಗಿನ ಶಾಲೆ ಬಿಡೋ ಹೊತ್ತಿಗೇ ಪ್ರವಾಸಿಗಳ ಗಾಡಿ ಸಾಲಾಗಿ ಬರೋದು. ಮಕ್ಕಳು ಕೊಡೆ ಹಿಡಿದು ಚರಂಡಿಗೆ ಒತ್ತಿಕೊಂಡು ನಡೀತಿರ್ತಾರೆ. ಮೂರನೇ ಕ್ಲಾಸಿನ ಮಗು ಆ ಗಾಡಿಗಳ ಮುಂದೆ ನಿಂತರೆ ಬಾನೆಟ್ ಮಗುವಿನ ತಲೆಯ ಮಟ್ಟಕ್ಕೆ ಬರುತ್ತೆ. ಅಮೆರಿಕದ ಐಐಎಚ್‌ಎಸ್ ಅನ್ನೋ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತ್ತು: ಬಾನೆಟ್ 40 ಇಂಚಿಗಿಂತ ಎತ್ತರ ಇರೋ ವಾಹನ ಹೊಡೆದರೆ ಪಾದಚಾರಿ ಸಾಯೋ ಸಂಭವ, 30 ಇಂಚಿನ ಒಳಗಿದ್ದು ಮುಂಭಾಗ ಇಳಿಜಾರಾಗಿರೋ ವಾಹನಕ್ಕಿಂತ ಸುಮಾರು 45 ಶೇಕಡಾ ಹೆಚ್ಚು. ಮುಂದೆ ಕಬ್ಬಿಣದ ಬಾರ್ ಬೇರೆ. ಅದನ್ನ ಹಾಕಿಸಬಾರದು, ಹಾಕಿದ್ದರೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಈಗಲೂ ರಸ್ತೆ ತುಂಬ ಬಾರ್‌ಗಳೇ. ದೊಡ್ಡ ಗಾಡಿಯ ಬಗ್ಗೆ ಜನಕ್ಕೆ ಇರೋ ಭಯ ಪತ್ರಿಕೆ ಹುಟ್ಟಿಸಿದ್ದಲ್ಲ.

ಬಿದನೂರಿನವ:

ಟೀಚರ್, ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ, ನಾನು ಕೇಳ್ತಿರೋದೂ ಅದನ್ನೇ. ಬಾರ್ ಇತ್ತಾ, ಬರೀಲಿ. ಬಾನೆಟ್ ಎತ್ತರ ಇತ್ತಾ, ಬರೀಲಿ. ಮಗು ಕಾಣಲಿಲ್ಲ ಅಂತಾದರೆ ಅದನ್ನ ದೊಡ್ಡದಾಗಿ ಬರೀಲಿ. ಆದರೆ ಮೇಸ್ತ್ರಿ ಹೇಳಿದ ಫಾರ್ಚುನರ್ ನೋಡಿ, ಎರಡು ಚಕ್ರ ಓಡಿದರೂ ನಾಲ್ಕು ಓಡಿದರೂ ಮುಂಭಾಗ ಅಷ್ಟೇ ಎತ್ತರ. ಎತ್ತರದ ತಪ್ಪನ್ನ ಚಕ್ರದ ಮೇಲೆ ಹಾಕಿದರೆ ಎತ್ತರದ ಬಗ್ಗೆ ಯಾರೂ ಮಾತಾಡಲ್ಲ, ಬಾರ್ ಬಿಚ್ಚಿಸೋರೂ ಇರಲ್ಲ.

ಸಾರಿಗೆ ಸಚಿವಾಲಯದ 2022ರ ಅಪಘಾತ ವರದಿ ಓದಿದೆ. ಆ ವರ್ಷ ದೇಶದಲ್ಲಿ 4,61,312 ಅಪಘಾತ, 1,68,491 ಸಾವು. ಸತ್ತವರಲ್ಲಿ 44.5 ಶೇಕಡಾ ದ್ವಿಚಕ್ರದವರು. 71.2 ಶೇಕಡಾ ಸಾವಿಗೆ ಕಾರಣ ಅತಿವೇಗ ಅಂತ ಇದೆ. ವಾಹನಗಳ ಪಟ್ಟಿಯಲ್ಲಿ ಕಾರು, ಟ್ಯಾಕ್ಸಿ, ವ್ಯಾನು, ಲಘು ವಾಹನ ಎಲ್ಲ ಒಂದೇ ಸಾಲು. ಫೋರ್ ವೀಲ್ ಡ್ರೈವಿಗೆ ಬೇರೆ ಸಾಲೇ ಇಲ್ಲ. ಅಂದಮೇಲೆ ‘ಹಾವಳಿ’ ಅನ್ನೋಕೆ ಆ ಪೇಜಿನವರಿಗೆ ಲೆಕ್ಕ ಎಲ್ಲಿಂದ ಸಿಕ್ತು? ಒಬ್ಬ ಹುಡುಗನ ಮುರಿದ ಕಾಲು, ಎಲ್ಲಿಂದಲೋ ತಂದ ಒಂದು ಫೋಟೋ, ಅಷ್ಟರ ಮೇಲೆ ಇಡೀ ಮಲೆನಾಡಿನ ಗಾಡಿಗಳಿಗೆ ಹಣೆಪಟ್ಟಿ. ಆ ಹುಡುಗ ಈಗ ಕೋಲು ಬಿಟ್ಟು ನಡೀತಾನೆ, ದೇವರು ದೊಡ್ಡವನು. ಅವನೇ ನನ್ನ ಹತ್ರ ಹೇಳಿದ, ಮಣ್ಣಿನ ವಿಷಯ ಯಾರೂ ಕೇಳಲೇ ಇಲ್ಲ ಅಂತ.

ಸಂಪಾದಕರಿಗೆ ಕಾಗದ ಬರೀಬೇಕು ಅಂತಿದೀನಿ. ಅಪಘಾತದ ಸುದ್ದಿಯಲ್ಲಿ ಮಳೆ, ಬೆಳಕು, ರಸ್ತೆಯ ಸ್ಥಿತಿ ಒಂದು ಸಾಲು ಇರಲಿ. ದೂರಿನಲ್ಲಿರೋದನ್ನ ದೂರು ಅಂತಲೇ ಬರೀಲಿ. ಬೇರೆ ಗಾಡಿಯ ಫೋಟೋ ಹಾಕೋದು ಬಿಡಲಿ. ಹೆಲ್ಮೆಟ್, ಬೆಲ್ಟ್ ಹಾಕಿದ್ರಾ ಅಂತ ಇರಲಿ. ಮೇಸ್ತ್ರಿ, ಟೈ ರಾಡಿನ ವಿಷಯ ನೀವೇ ಎರಡು ಸಾಲು ಬರೆದು ಕೊಟ್ಟರೆ ನಿಮ್ಮ ಮಾತಿನಲ್ಲೇ ಸೇರಿಸ್ತೀನಿ. ಟೀಚರ್, ಶನಿವಾರದ ಶಾಲೆ ಹೊತ್ತಿನದ್ದು ನೀವು ಬರೆಯಿರಿ, ನಿಮ್ಮ ಸಹಿಯೂ ಇರಲಿ.

ಹಳೇ ವರದಿಗಾರ, ಸಾಗರ:

ಕಾಗದ ಮೊದಲು ಸಂಪಾದಕರಿಗೇ ಹೋಗಲಿ. ಸುದ್ದಿಯ ಕಟಿಂಗು, ತಾರೀಖು, ಜಾಗದ ಫೋಟೋ ಇದ್ದರೆ ಅದೂ ಇಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅವರು ಕೇಳದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳ ಒಳಗೆ ಕೊಡಬೇಕು. ನಿಮ್ಮದಕ್ಕೆ ಆ ಗಡುವು ದಾಟಿದೆ, ಮುಂದಿನದಕ್ಕೆ ನೆನಪಿರಲಿ. ಮೊಬೈಲಿನ ಪೇಜು, ಟಿವಿ ಆ ಮಂಡಳಿಯ ವ್ಯಾಪ್ತಿಗೆ ಬರಲ್ಲ. ಮತ್ತೊಂದು ಕೆಲಸ: ಈ ಮಳೆಗಾಲದಲ್ಲಿ ಎಲ್ಲಾದರೂ ಧರೆ ಜರಿದರೆ ಅಪಘಾತ ಆಗೋವರೆಗೆ ಕಾಯಬೇಡಿ, ಫೋಟೋ ತೆಗೆದು ತಾಲ್ಲೂಕಿನ ವರದಿಗಾರರಿಗೆ ಅವತ್ತೇ ಮಧ್ಯಾಹ್ನದ ಒಳಗೆ ಕಳಿಸಿ. ಸಂಜೆ ಕಳಿಸಿದರೆ ಪುಟ ಮುಚ್ಚಿರುತ್ತೆ.